ನಿಯಮಕ್ಕೂ ತಾರೀಖು ಬೇಕು

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತುಪ್ಪ, ಬೆಣ್ಣೆ ಶೇ 12ರಿಂದ 5ಕ್ಕೆ ಬಂದವು, ಟ್ರ್ಯಾಕ್ಟರ್ ಟೈರು 18ರಿಂದ 5ಕ್ಕೆ. ಯಾವುದು ಅಗ್ಗ, ಯಾವುದು ತುಟ್ಟಿ ಎಂದು ಪತ್ರಿಕೆಗಳು ಪಟ್ಟಿ ಕೊಟ್ಟವು. ನನ್ನಂಥ ಕಸುಬಿನವರು ಆ ವಾರ ಬೇರೊಂದು ಪ್ರಶ್ನೆ ಹಿಡಿದು ಕೂತಿದ್ದೆವು. 18ನೇ ತಾರೀಖು ಇಪ್ಪತ್ತು ಚೀಲ ಸಿಮೆಂಟ್ ಒಯ್ದ ಗಿರಾಕಿ, ಉಳಿದ ನಾಲ್ಕು ಚೀಲವನ್ನು 25ನೇ ತಾರೀಖು ವಾಪಸ್ ತಂದರೆ ಯಾವ ದರದ ತೆರಿಗೆಯನ್ನು ಹಿಂದಿರುಗಿಸಬೇಕು? ಉತ್ತರದಲ್ಲಿ ಗೊಂದಲವಿಲ್ಲ. ಮಾರಿದ ದಿನದ ದರ, ಅಂದರೆ ಶೇ 28. ಆದರೆ ಅಂಗಡಿಯ ಕಂಪ್ಯೂಟರಿಗೆ 28 ಎಂಬ ಅಂಕಿ ನೆನಪಿದೆಯೇ? ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಂತೆ ಮಾಡಿಟ್ಟಿದ್ದರೆ ಅದು 22ರ ಬೆಳಿಗ್ಗೆಯೇ ಮರೆತಿರುತ್ತದೆ.

ಸಾಫ್ಟ್‌ವೇರಿನಲ್ಲಿ ಇಂಥ ಅಂಕಿಗಳಿಗೆ ಸೆಟ್ಟಿಂಗ್ ಎನ್ನುತ್ತೇವೆ. ತೆರಿಗೆಯ ದರ, ಬಡ್ಡಿಯ ದರ, ಸಾಲದ ಮಿತಿ, ಅರ್ಹತೆಯ ವಯಸ್ಸು, ಅರ್ಜಿ ವಿಲೇವಾರಿಯ ದಿನಗಳು, ಎಲ್ಲ ಸೆಟ್ಟಿಂಗ್‌ಗಳೇ. ಜನರ ಹೆಸರು, ಖಾತೆ, ಹಣದ ವಿವರಗಳನ್ನು ಬಹಳ ಜಾಗ್ರತೆಯಿಂದ ಇಡುವ ಕಂಪನಿಗಳೂ ಕಚೇರಿಗಳೂ ಈ ಸೆಟ್ಟಿಂಗ್‌ಗಳನ್ನು ಮೂಲೆಗೆ ಒತ್ತುತ್ತವೆ. ವಿನ್ಯಾಸದ ಕೊನೆಯ ದಿನ, ಕೊನೆಯ ಗಂಟೆಯಲ್ಲಿ ಅವಕ್ಕೊಂದು ಟೇಬಲ್ ಕಟ್ಟಿ ಮುಗಿಸುತ್ತಾರೆ. ಇದು ತಪ್ಪು ಎಂದು ನಾನು ಬಲವಾಗಿ ನಂಬಿದ್ದೇನೆ. ಸಾರ್ವಜನಿಕರ ಬದುಕಿಗೆ ತಾಗುವ ಯಾವ ಸೆಟ್ಟಿಂಗನ್ನೂ ಅಳಿಸಿ ಬರೆಯಬಾರದು. ಅದಕ್ಕೆ ಯಾವತ್ತಿನಿಂದ ಯಾವತ್ತಿನವರೆಗೆ ಎಂಬ ತಾರೀಖು ಬೇಕು. ಯಾವ ಊರಿಗೆ, ಯಾರ ಆದೇಶದ ಮೇಲೆ ಎಂಬುದೂ ಅದರ ಪಕ್ಕದಲ್ಲೇ ಇರಬೇಕು.

ನಾನು ಸೊರಬ ತಾಲ್ಲೂಕಿನ ಕ್ಯಾಸನೂರು ಕಡೆಯವಳು. ಡೇಟಾಬೇಸ್ ವಿನ್ಯಾಸವೇ ನನ್ನ ಹೊಟ್ಟೆಪಾಡು. ಈಗ ಶಿಕಾರಿಪುರದಲ್ಲಿದ್ದುಕೊಂಡು ಸಹಕಾರ ಸಂಘ, ಅಡಿಕೆ ವ್ಯಾಪಾರ, ಹಾಲಿನ ಡೇರಿಗಳ ಲೆಕ್ಕದ ಸಾಫ್ಟ್‌ವೇರಿಗೆ ಟೇಬಲ್ ಕಟ್ಟಿಕೊಡುತ್ತೇನೆ. ಬೇರೆಯವರು ಕಟ್ಟಿದ್ದು ಕೆಟ್ಟಾಗ ರಿಪೇರಿಯನ್ನೂ ಮಾಡುತ್ತೇನೆ. ಈ ಮಾತಿಗೆ ನನ್ನನ್ನು ತಂದು ನಿಲ್ಲಿಸಿದ್ದು ಅಂಥದೊಂದು ರಿಪೇರಿ.

ಒಂದು ಸಂಘದವರು ನಿಶ್ಚಿತ ಠೇವಣಿಯ ಬಡ್ಡಿಯನ್ನು ಒಂಬತ್ತರಿಂದ ಎಂಟಕ್ಕೆ ಇಳಿಸಿದ್ದರು. ಮರುವಾರ ವಯಸ್ಸಾದ ಹೆಂಗಸೊಬ್ಬರು ಪಾಸ್‌ಪುಸ್ತಕ ಹಿಡಿದು ಬಂದರು. ಪುಸ್ತಕದ ಹಾಳೆ ತುಂಬಿತ್ತು, ಹೊಸ ಪುಸ್ತಕ ಬೇಕಿತ್ತು. ಕಂಪ್ಯೂಟರ್ ಹಳೆಯ ವರ್ಷಗಳ ಲೆಕ್ಕವನ್ನೂ ಹೊಸ ಪುಸ್ತಕಕ್ಕೆ ಮುದ್ರಿಸಿತು. ಹಳೆಯ ಪುಸ್ತಕದಲ್ಲಿ ಗುಮಾಸ್ತರು ನೀಲಿ ಶಾಯಿಯಲ್ಲಿ ಬರೆದ ಬಡ್ಡಿ ಹೆಚ್ಚಿತ್ತು, ಹೊಸದರಲ್ಲಿ ಮುದ್ರಣವಾದ ಬಡ್ಡಿ ಕಡಿಮೆಯಿತ್ತು. ವರ್ಷ ಅದೇ, ಅಸಲೂ ಅದೇ. ಎರಡೂ ಪುಸ್ತಕಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಆಕೆ ಬೆರಳಿನಿಂದ ಸಾಲು ಸಾಲಾಗಿ ತೋರಿಸುತ್ತಿದ್ದರು. ‘ಕಂಪ್ಯೂಟರ್ ಹಾಗೇ ತೋರಿಸ್ತದೆ ಅಮ್ಮಾ’ ಎಂದು ಗುಮಾಸ್ತರು ಹೇಳಿದರು. ‘ಆಗ ಒಂಬತ್ತು ಅಂತ ಮಾತಾಗಿತ್ತಲ್ಲ ತಮ್ಮಾ’ ಎಂದು ಆಕೆ. ಆಕೆಯ ಮಾತೇ ಸರಿಯಾಗಿತ್ತು.

ನಾನು ಡೇಟಾಬೇಸ್ ತೆರೆದು ನೋಡಿದೆ. ಸೆಟ್ಟಿಂಗ್ ಎಂಬ ಹೆಸರಿನ ಒಂದು ಟೇಬಲ್. ಅದರಲ್ಲಿ ಒಂದೇ ಒಂದು ಸಾಲು. ಸಂಘದ ಹೆಸರು, ವಿಳಾಸ, ಲೋಗೋ ಫೈಲಿನ ಹೆಸರು, ರಸೀದಿಯ ಮುಂದಿನ ಸಂಖ್ಯೆ, ಅವುಗಳ ನಡುವೆ ಬಡ್ಡಿ ದರ 8. ತಾರೀಖಿನ ಕಾಲಂ ಇಲ್ಲ, ಬದಲಿಸಿದವರ ಹೆಸರಿಲ್ಲ. ಪ್ರೋಗ್ರಾಂ ಪ್ರತಿಸಲ ಮುದ್ರಿಸುವಾಗಲೂ ಬಡ್ಡಿಯನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು, ಲೆಕ್ಕಕ್ಕೆ ಸಿಗುತ್ತಿದ್ದುದು ಈ 8 ಒಂದೇ. ಹಿಂದಿನ 9 ಆ ಡೇಟಾಬೇಸಿನಲ್ಲಿ ಎಲ್ಲಿಯೂ ಇರಲಿಲ್ಲ. ಅದು ಸಿಕ್ಕಿದ್ದು ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿ. ಠರಾವಿನ ಸಂಖ್ಯೆ, ಸಭೆಯ ತಾರೀಖು, ಸೂಚಿಸಿದವರು, ಅನುಮೋದಿಸಿದವರು, ಎಲ್ಲ ಕೈಬರಹದಲ್ಲಿ ಸ್ಪಷ್ಟವಾಗಿತ್ತು. ರಟ್ಟು ಸವೆದ ಆ ಪುಸ್ತಕಕ್ಕೆ ಗೊತ್ತಿದ್ದ ಸಂಗತಿ ಲಕ್ಷಗಟ್ಟಲೆ ಖರ್ಚಿನ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ.

ಈ ವಿನ್ಯಾಸ ಅಪರೂಪದ್ದಲ್ಲ. ಒಂದೇ ಸಾಲು, ಅಡ್ಡಕ್ಕೆ ಐವತ್ತು ಅರವತ್ತು ಕಾಲಂ. ಹೊಸ ಸೆಟ್ಟಿಂಗ್ ಬಂದಾಗ ಇನ್ನೊಂದು ಕಾಲಂ. ಇದಕ್ಕೊಂದು ಒಳ್ಳೆಯ ಗುಣವೂ ಇದೆ. ಬಡ್ಡಿಯ ಕಾಲಮಿನಲ್ಲಿ ಸಂಖ್ಯೆ ಮಾತ್ರ ಕೂರುತ್ತದೆ, ತಾರೀಖಿನ ಕಾಲಮಿನಲ್ಲಿ ತಾರೀಖು ಮಾತ್ರ. ತಪ್ಪು ಬಗೆಯದನ್ನು ಡೇಟಾಬೇಸೇ ತಡೆಯುತ್ತದೆ. ಒಂದು ಸಂಸ್ಥೆ, ಒಂದು ಕಚೇರಿ, ಬದಲಾಗದ ನಿಯಮ ಎಂದಾದರೆ ಸಾಕು. ನಮ್ಮ ನಾಡಿನಲ್ಲಿ ಬದಲಾಗದ ನಿಯಮ ಎಲ್ಲಿದೆ?

ಇದರಿಂದ ಬೇಸತ್ತವರು ಇನ್ನೊಂದು ತುದಿಗೆ ಹೋಗುತ್ತಾರೆ. ಎರಡೇ ಕಾಲಂ: ಒಂದರಲ್ಲಿ ಸೆಟ್ಟಿಂಗಿನ ಹೆಸರು, ಇನ್ನೊಂದರಲ್ಲಿ ಅದರ ಬೆಲೆ, ಅಂದರೆ ಅದಕ್ಕೆ ಕೊಟ್ಟ ಅಂಕಿ ಅಥವಾ ಉತ್ತರ. ಟೇಬಲನ್ನು ಮುಟ್ಟದೆ ಎಷ್ಟು ಬೇಕಾದರೂ ಸೇರಿಸಬಹುದು. ಆದರೆ ಸಂಖ್ಯೆ, ತಾರೀಖು, ಹೌದು-ಅಲ್ಲ ಎಲ್ಲವೂ ಒಂದೇ ಕಾಲಮಿಗೆ ಬರಬೇಕಾದ್ದರಿಂದ ಆ ಕಾಲಂ ಬರೀ ಅಕ್ಷರಗಳದಾಗುತ್ತದೆ, ಅಕ್ಷರದ ಕಾಲಂ ಏನನ್ನೂ ಬೇಡವೆನ್ನುವುದಿಲ್ಲ. ಒಬ್ಬರು 65 ಎಂದು ಬರೆಯುತ್ತಾರೆ, ಕನ್ನಡದ ಕೀಲಿಮಣೆ ಇಟ್ಟುಕೊಂಡ ಇನ್ನೊಬ್ಬರು ೬೫ ಎಂದು, ಮತ್ತೊಬ್ಬರು ‘65 ವರ್ಷ’ ಎಂದು. ಸಾಲದ ಮಿತಿಯ ಜಾಗದಲ್ಲಿ ‘3 ಲಕ್ಷ’ ಎಂದಿದ್ದುದನ್ನು ನಾನೇ ನೋಡಿದ್ದೇನೆ. ಪ್ರೋಗ್ರಾಂ ಮೊದಲ ಅಂಕಿಯನ್ನಷ್ಟೇ ಓದಿ ಮಿತಿ ಮೂರು ರೂಪಾಯಿ ಎಂದು ತಿಳಿಯಿತು, ಎಲ್ಲ ಅರ್ಜಿಗಳನ್ನೂ ತಿರಸ್ಕರಿಸಿತು. ಅದಕ್ಕಿಂತ ಕೆಟ್ಟದ್ದು ಹೆಸರಿನ ಕಾಗುಣಿತ ತಪ್ಪಿದಾಗ ಆಗುವುದು. ಹುಡುಕಿದ ಹೆಸರು ಸಿಗದಿದ್ದರೆ ಅನೇಕ ಪ್ರೋಗ್ರಾಂಗಳು ಸದ್ದಿಲ್ಲದೆ ಕೋಡಿನೊಳಗಿನ ಡಿಫಾಲ್ಟ್ ಅಂಕಿಯನ್ನು ಹಿಡಿದು ಮುಂದೆ ಹೋಗುತ್ತವೆ. ಪರದೆಯಲ್ಲಿ ತೋರಿಸುವುದು ಒಂದು ನಿಯಮ, ಒಳಗೆ ನಡೆಯುವುದು ಇನ್ನೊಂದು.

ನಾನು ಮಾಡುವುದು ಹೀಗೆ. ಮೊದಲ ಟೇಬಲಿನಲ್ಲಿ ಪ್ರತಿ ಸೆಟ್ಟಿಂಗಿನ ಪರಿಚಯ: ಹೆಸರು, ಅದು ಸಂಖ್ಯೆಯೋ ತಾರೀಖೋ, ಅಳತೆಯ ಘಟಕ ಯಾವುದು, ಕನಿಷ್ಠ ಎಷ್ಟು ಗರಿಷ್ಠ ಎಷ್ಟು, ಯಾವ ಹಂತದವರು ಬದಲಿಸಬಹುದು, ಮತ್ತು ಕನ್ನಡದಲ್ಲಿ ಎರಡು ವಾಕ್ಯದ ವಿವರಣೆ. ಎರಡನೆಯ ಟೇಬಲಿನಲ್ಲಿ ಬೆಲೆಗಳು: ಯಾವ ಸೆಟ್ಟಿಂಗ್, ಯಾವ ಊರು ಅಥವಾ ಶಾಖೆಗೆ, ಎಷ್ಟು, ಯಾವತ್ತಿನಿಂದ, ಯಾವತ್ತಿನವರೆಗೆ, ಯಾವ ಆದೇಶ ಅಥವಾ ಠರಾವಿನ ಸಂಖ್ಯೆ, ದಾಖಲಿಸಿದವರು ಯಾರು, ದಾಖಲಿಸಿದ್ದು ಯಾವಾಗ. ಬದಲಾವಣೆ ಎಂದರೆ ಹೊಸ ಸಾಲು. ಹಳೆಯ ಸಾಲಿಗೆ ಮುಕ್ತಾಯದ ತಾರೀಖು ಬೀಳುತ್ತದೆ, ಅಷ್ಟೇ. ಜೊತೆಜೊತೆಯಾಗಿ ಬದಲಾಗುವ ಅಂಕಿಗಳಿದ್ದರೆ, ಉದಾಹರಣೆಗೆ ಲಸಿಕೆಯ ವೇಳಾಪಟ್ಟಿ ಅಥವಾ ಹಾಲಿನ ಜಿಡ್ಡಿಗೆ ತಕ್ಕ ದರಪಟ್ಟಿ, ಅವನ್ನು ಈ ಸಾಮಾನ್ಯ ಟೇಬಲಿಗೆ ತುರುಕದೆ ಅವುಗಳದೇ ಟೇಬಲ್ ಮಾಡಬೇಕು. ಪಾಸ್‌ವರ್ಡ್, ಸರ್ವರ್ ವಿಳಾಸಗಳನ್ನು ಇಲ್ಲಿಗೆ ತರಲೇಬಾರದು. ಅವು ಯಂತ್ರದ ಗುಟ್ಟುಗಳು, ಜನರ ನಿಯಮಗಳಲ್ಲ.

ಒಂದೇ ದಿನಕ್ಕೆ ಎರಡು ಬೆಲೆ ಬಿದ್ದರೆ ಏನು ಗತಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 2012ರ 9.2 ಆವೃತ್ತಿಯಿಂದಲೇ ಅವಧಿಯನ್ನು ಒಂದು ಬೆಲೆಯಾಗಿ ಇಡಬಹುದು. ಒಂದು ಅವಧಿ ಇನ್ನೊಂದರ ಮೇಲೆ ಹಾಯದಂತೆ ನಿರ್ಬಂಧ ಹಾಕಬಹುದು. 2025ರ ಸೆಪ್ಟೆಂಬರಿನಲ್ಲಿ ಬಂದ 18ನೇ ಆವೃತ್ತಿಯಲ್ಲಿ ಅದು ಇನ್ನೂ ಸಲೀಸಾಗಿದೆ. ಎಸ್‌ಕ್ಯೂಎಲ್ ಭಾಷೆಯ ಮಾನಕದೊಳಗೆ ಕಾಲದ ಅವಧಿಗಳು ಸೇರಿದ್ದು 2011ರಲ್ಲಿ. ಉಪಕರಣಗಳು ನಮ್ಮ ಕೈಯಲ್ಲಿಯೇ ಇವೆ. ಬಳಸುವ ಮನಸ್ಸಿಲ್ಲ, ಬಳಸಿ ಎಂದು ಕೇಳುವ ಗಿರಾಕಿಯೂ ಇಲ್ಲ.

ತಾರೀಖು ಒಂದಲ್ಲ, ಎರಡು ಬೇಕು. ಸರ್ಕಾರಿ ನೌಕರರ ಮನೆಯಲ್ಲಿ ಇದನ್ನು ವಿವರಿಸಬೇಕಿಲ್ಲ. ತುಟ್ಟಿಭತ್ಯೆಯ ಆದೇಶ ಹೊರಬೀಳುವುದು ಯಾವಾಗಲೋ, ಅದು ಜಾರಿಯಾಗುವುದು ಹಿಂದಿನ ಜನವರಿ ಅಥವಾ ಜುಲೈ ಒಂದರಿಂದ; ನಡುವಿನ ತಿಂಗಳುಗಳದು ಬಾಕಿಯಾಗಿ ಬರುತ್ತದೆ. ನಿಯಮ ಅನ್ವಯವಾದ ದಿನ ಒಂದು, ಅದು ನಮ್ಮ ಪುಸ್ತಕಕ್ಕೆ ಬಂದ ದಿನ ಇನ್ನೊಂದು. ಎರಡನ್ನೂ ಬರೆದಿಟ್ಟಿದ್ದರೆ ಮಾತ್ರ ಮಾರ್ಚ್ ತಿಂಗಳ ಸಂಬಳ ಮಾರ್ಚಿನಲ್ಲಿ ಯಾಕೆ ಅಷ್ಟಿತ್ತು, ಈಗ ಲೆಕ್ಕ ಹಾಕಿದರೆ ಯಾಕೆ ಇಷ್ಟಾಗುತ್ತದೆ ಎಂದು ಲೆಕ್ಕ ಪರಿಶೋಧಕರಿಗೆ ಹೇಳಬಹುದು. ಒಂದನ್ನೇ ಇಟ್ಟರೆ, ತಿಳಿದದ್ದನ್ನೆಲ್ಲ ಸರಿಯಾಗಿ ಮಾಡಿದ ಗುಮಾಸ್ತರೂ ತಪ್ಪಿತಸ್ಥರಂತೆ ಕಾಣುತ್ತಾರೆ. ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ 2024-25ಕ್ಕೆ ದಿನಕ್ಕೆ 349 ರೂಪಾಯಿ ಇದ್ದದ್ದು 2025ರ ಏಪ್ರಿಲ್ 1ರಿಂದ 370 ಆಯಿತು. ಮಾರ್ಚ್ ಕೊನೆಯ ವಾರ ಕೆರೆಯ ಹೂಳೆತ್ತಿದವರ ಹಾಜರಿ ಏಪ್ರಿಲಿನಲ್ಲಿ ದಾಖಲಾದರೆ ಯಾವ ಕೂಲಿ? ದುಡಿದ ದಿನವೇ ನಿರ್ಧರಿಸಬೇಕು, ದಾಖಲಿಸಿದ ದಿನವಲ್ಲ.

ಇನ್ನು ಹಂತಗಳ ವಿಚಾರ. ಹಾಲಿನ ಡೇರಿಯನ್ನೇ ತೆಗೆದುಕೊಳ್ಳೋಣ. ಲೀಟರಿಗೆ ಪ್ರೋತ್ಸಾಹಧನ ಎಷ್ಟು ಎಂಬುದನ್ನು ರಾಜ್ಯ ನಿರ್ಧರಿಸುತ್ತದೆ: 2008ರಲ್ಲಿ 2 ರೂಪಾಯಿ, 2013ರಲ್ಲಿ 4, 2016ರಲ್ಲಿ 5. ಖರೀದಿ ದರ ಜಿಲ್ಲಾ ಒಕ್ಕೂಟದ್ದು. ಪಶು ಆಹಾರದ ಕಡಿತ, ಷೇರಿನ ಕಂತು ಊರಿನ ಸಂಘದ್ದು. ಮೇಲಿನ ಹಂತದ ಬೆಲೆ ಕೆಳಗೆ ತಾನಾಗಿ ಇಳಿಯಬೇಕು. ಕೆಳಗಿನವರಿಗೆ ಬದಲಿಸುವ ಅಧಿಕಾರ ಇರುವಲ್ಲಿ ಮಾತ್ರ ಅವರ ಅಂಕಿ ಮೇಲುಗೈ ಪಡೆಯಬೇಕು. ಪ್ರೋತ್ಸಾಹಧನವನ್ನು ಹಳ್ಳಿಯ ಡೇರಿಯ ಪರದೆಯಲ್ಲಿ ತಿದ್ದಲು ಬಂದರೆ ಅದು ವಿನ್ಯಾಸದ ದೋಷ, ಕಾರ್ಯದರ್ಶಿಯ ದೋಷವಲ್ಲ.

ಇಲ್ಲಿ ಶೂನ್ಯದ ಕಥೆಯೊಂದಿದೆ, ಸ್ವಲ್ಪ ನಿಂತು ಹೇಳಬೇಕು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. 3 ಲಕ್ಷ ರೂಪಾಯಿ ಇದ್ದ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಬಡ್ಡಿ 0 ಎಂದು ಬರೆಯುವುದು ಒಂದು, ಬಡ್ಡಿಯ ಕೋಣೆಯನ್ನು ಖಾಲಿ ಬಿಡುವುದು ಇನ್ನೊಂದು. 0 ಎಂದರೆ ಬಡ್ಡಿ ಇಲ್ಲ ಎಂಬ ತೀರ್ಮಾನ. ಖಾಲಿ ಎಂದರೆ ಇಲ್ಲಿ ತೀರ್ಮಾನವಾಗಿಲ್ಲ, ಮೇಲಿನ ಹಂತದಲ್ಲಿ ಏನಿದೆಯೋ ನೋಡು ಎಂದರ್ಥ. ಆದರೆ ಬಳಕೆಯಲ್ಲಿರುವ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಜಾಗ್ರತೆಯಿಂದ ಬರೆದ ಒಂದು ಪರೀಕ್ಷೆ ಇವೆರಡನ್ನೂ ಒಂದೇ ಎಂದುಕೊಳ್ಳುತ್ತದೆ. 0 ಕಂಡರೆ ‘ಏನೂ ಬರೆದಿಲ್ಲ’ ಎಂದು ತಿಳಿದು ಮೇಲಿನ ಹಂತಕ್ಕೆ ಹತ್ತಿ, ಅಲ್ಲಿದ್ದ ಸಾಮಾನ್ಯ ಬಡ್ಡಿಯನ್ನು ತಂದು ಹಾಕುತ್ತದೆ. ಸರ್ಕಾರ ಶೂನ್ಯ ಎಂದಿದೆ, ಸಂಘ ಶೂನ್ಯ ಎಂದು ಬೆರಳಚ್ಚು ಮಾಡಿದೆ, ರೈತನ ಖಾತೆಗೆ ಮಾತ್ರ ಬಡ್ಡಿ ಬೀಳುತ್ತಿದೆ. ಇಂಥದ್ದು ಪ್ರೋಗ್ರಾಂ ಪರೀಕ್ಷಿಸುವ ದಿನ ಗೊತ್ತಾಗುವುದಿಲ್ಲ, ಏಕೆಂದರೆ ಪರೀಕ್ಷೆಗೆ ಯಾರೂ ಶೂನ್ಯವನ್ನು ಕೊಡುವುದಿಲ್ಲ. ಗೊತ್ತಾಗುವುದು ಮಾರ್ಚ್ ಅಂತ್ಯದ ವಸೂಲಿಯಲ್ಲಿ.

ಈ ಮಾತಿಗೆ ಈಗ ತುರ್ತು ಇದೆ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಬಗೆಯ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಒಂದೇ, ರಾಜ್ಯಗಳ ನಿಯಮ ಹಲವು. ಕರ್ನಾಟಕದ ಬಡ್ಡಿ ಬೇರೆ, ಮಹಾರಾಷ್ಟ್ರದ್ದು ಬೇರೆ. ಲೆಕ್ಕದ ಪುಸ್ತಕಗಳ ಭಾಷೆ, ಸಾಲದ ಬಗೆ, ಸಬ್ಸಿಡಿಯ ಕಂತು, ಒಂದೂ ಒಂದರಂತಿಲ್ಲ. ಆ ವ್ಯತ್ಯಾಸವನ್ನೆಲ್ಲ ಹೊರಬೇಕಾದದ್ದು ಸೆಟ್ಟಿಂಗ್ ಟೇಬಲ್‌ಗಳೇ. ಅವು ಸೊರಗಿದ್ದರೆ ಶಿಕಾರಿಪುರದ ಹಳ್ಳಿಯೊಂದರ ಸಂಘ ತನ್ನ ನಿಯಮವನ್ನು ಬಿಟ್ಟು ಸಾಫ್ಟ್‌ವೇರಿಗೆ ಅನುಕೂಲವಾದ ನಿಯಮಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಏರ್ಪಾಡು ಯಾಕೆ ಎಂದು ನನ್ನ ಗಿರಾಕಿಗಳೇ ಕೇಳುತ್ತಾರೆ. ಅವರಿಗೆ ನಾನು ಪಹಣಿಯನ್ನು ತೋರಿಸುತ್ತೇನೆ. ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಮಾಲೀಕನ ಹೆಸರಿದ್ದರೆ ಹತ್ತನೆಯದರಲ್ಲಿ ಅದು ಹೇಗೆ ಬಂತು ಎಂಬುದು, ಮ್ಯುಟೇಷನ್ ಸಂಖ್ಯೆಯ ಸಮೇತ. ಕೈಬರಹದ ಕಾಲದಲ್ಲೂ ಹಳೆಯ ಹೆಸರನ್ನು ಕೆರೆದು ತೆಗೆಯುತ್ತಿರಲಿಲ್ಲ. ಅದನ್ನು ಹೊಡೆದುಹಾಕಿ ಹೊಸ ಹೆಸರನ್ನು ಬರೆದು ಮ್ಯುಟೇಷನ್ ರಿಜಿಸ್ಟರಿನ (ಎಂ.ಆರ್.) ಸಂಖ್ಯೆ ನಮೂದಿಸುತ್ತಿದ್ದರು, ಓದಬೇಕೆಂದವರಿಗೆ ಹಳೆಯದು ಓದಲು ಬರುತ್ತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಈ ದಾಖಲೆಗಳು ಕಂಪ್ಯೂಟರಿಗೆ ಹೋದಾಗಲೂ ಮ್ಯುಟೇಷನ್ನಿನ ಶಿಸ್ತು ಉಳಿಯಿತು. ಅರ್ಧ ಗುಂಟೆ ಜಾಗದ ಒಡೆತನ ಬದಲಾದರೆ ಇಷ್ಟು ಲೆಕ್ಕ ಇಡುವ ನಾವು, ಲಕ್ಷಾಂತರ ಜನರ ಮೇಲೆ ಬೀಳುವ ನಿಯಮ ಬದಲಾದಾಗ ಒಂದು ಸಾಲನ್ನೂ ಬರೆದಿಡುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಿ ನೋಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ದತ್ತಿ ಕೊಟ್ಟ ಭೂಮಿ ಎಷ್ಟು ಎನ್ನುವಾಗ ಯಾವ ಗಳೆಯಲ್ಲಿ ಅಳೆದದ್ದು ಎಂದೂ ಹೇಳುತ್ತಾರೆ. ಭೇರುಂಡ ಗಳೆ ಎಂಬ ಅಳತೆಗೋಲಿನ ಹೆಸರು ಆ ಕಡೆಯದು. ಊರಿಂದೂರಿಗೆ ಗಳೆಯ ಉದ್ದ ಬೇರೆ ಎಂಬುದನ್ನು ಬಲ್ಲವರು ಬರೆಸಿದ ಕಲ್ಲುಗಳವು. ಶಕವರ್ಷ, ತಿಥಿ, ಆಳುತ್ತಿದ್ದ ಅರಸು, ಅಳತೆಯ ಕೋಲು, ಎಲ್ಲೆ. ನನ್ನ ಬಳಿ ರಿಪೇರಿಗೆ ಬರುವ ಡೇಟಾಬೇಸುಗಳಲ್ಲಿ ‘ದೂರ: 5’ ಎಂದಿರುತ್ತದೆ. ಐದು ಏನು? ಕಿಲೋಮೀಟರೋ, ಮೈಲಿಯೋ? ಎಲ್ಲಿಂದ?

ಈ ಐದು ನನ್ನೂರಿನದು. ಅದಕ್ಕೇ ನನಗೆ ಈ ವಿಷಯದಲ್ಲಿ ಸಮಾಧಾನದಿಂದ ಇರಲಾಗುವುದಿಲ್ಲ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ ಎರಡೂ. ಹಿಂದೆಯೇ ಕಾಡಿಗೆ ಸೊಪ್ಪು ಸೌದೆಗೆ ಹೋದ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದುದರಿಂದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಆತಂಕ ಮೊದಲು ಹುಟ್ಟಿತು. ಅದಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಅವರು ಕಂಡುಹಿಡಿದರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ರೋಗಕ್ಕೆ ನಮ್ಮ ಊರಿನ ಹೆಸರೇ ನಿಂತಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. 1983-84ರಲ್ಲಿ ಬೆಳ್ತಂಗಡಿ ಕಡೆ ಅದು ದೊಡ್ಡದಾಗಿ ಸ್ಫೋಟಿಸಿತು. 2012ರ ಹೊತ್ತಿಗೆ ಬಂಡೀಪುರದಲ್ಲಿ ಕಂಡಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಮನೆಗಳಲ್ಲಿ ಸಾವು ಕಂಡವರು ಈಗಲೂ ಡಿಸೆಂಬರ್ ಬಂದರೆ ಕಾಡಿನತ್ತ ಅಳುಕಿನಿಂದಲೇ ನೋಡುತ್ತಾರೆ.

ಈ ಕಾಯಿಲೆಗೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯೊಂದಿತ್ತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು, 1990ರಿಂದ ಜನರಿಗೆ ಹಾಕಿದರು. ಅದರ ನಿಯಮಗಳು ನಮ್ಮ ಕಡೆಯ ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಸೋಂಕು ಕಂಡ ಜಾಗದಿಂದ ಐದು ಕಿಲೋಮೀಟರ್ ಸುತ್ತಿನ ಊರುಗಳಿಗೆ. ವಯಸ್ಸಿನ ಮಿತಿ ಹಳೆಯ ವರದಿಗಳಲ್ಲಿ 7ರಿಂದ 65, ಈಚಿನವುಗಳಲ್ಲಿ 6ರಿಂದ 65.

ಇವೆಲ್ಲ ಸೆಟ್ಟಿಂಗ್‌ಗಳು. ‘ಈಕೆಯ ಲಸಿಕೆ ಪೂರ್ಣವಾಗಿದೆಯೇ’ ಎಂಬ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಿ. ಆಕೆಯ ಕಾರ್ಡಿನಲ್ಲಿ ತಾರೀಖುಗಳಿವೆ, ಆದರೆ ಪೂರ್ಣ ಎಂದರೆ ಏನು ಎಂಬುದು ಕಾರ್ಡಿನಲ್ಲಿಲ್ಲ. ಅದು ಆ ವರ್ಷ ಜಾರಿಯಲ್ಲಿದ್ದ ವೇಳಾಪಟ್ಟಿಯಲ್ಲಿದೆ. ಆರು ವರ್ಷದ ಮಗುವಿಗೆ ಲಸಿಕೆ ಬಿಟ್ಟುಹೋಗಿದ್ದರೆ ಅದು ಆರೋಗ್ಯ ಕಾರ್ಯಕರ್ತೆಯ ಲೋಪವೋ ಅಥವಾ ಆಗ ನಿಯಮವೇ ಏಳು ಎಂದಿತ್ತೋ? ನಿಯಮದ ಪಕ್ಕದಲ್ಲಿ ತಾರೀಖಿಲ್ಲದಿದ್ದರೆ ಲೋಪ ಎಂದೇ ದಾಖಲಾಗುತ್ತದೆ. ಐದು ಕಿಲೋಮೀಟರಿನ ವೃತ್ತವನ್ನು ನಾಳೆ ಯಾರೋ ಎಂಟಕ್ಕೆ ಹಿಗ್ಗಿಸಿದರು ಎಂದುಕೊಳ್ಳಿ. ಅಳಿಸಿ ಬರೆಯುವ ವಿನ್ಯಾಸದಲ್ಲಿ ಹಿಂದಿನ ಎಲ್ಲ ವರ್ಷಗಳ ಲಸಿಕೆಯ ವ್ಯಾಪ್ತಿಯೂ ಒಂದೇ ಏಟಿಗೆ ಕುಸಿಯುತ್ತದೆ, ಏಕೆಂದರೆ ಆಗ ಅರ್ಹವೇ ಅಲ್ಲದಿದ್ದ ಊರುಗಳು ಈಗ ‘ಲಸಿಕೆ ಹಾಕದ ಊರು’ಗಳಾಗಿ ಎಣಿಕೆಗೆ ಸೇರುತ್ತವೆ.

ಸಂಶೋಧನೆಯ ಅಂಕಿಗಳನ್ನು ನೋಡಿದರೆ ಇದರ ತೂಕ ತಿಳಿಯುತ್ತದೆ. 1990-92ರ ಕ್ಷೇತ್ರ ಪ್ರಯೋಗದಲ್ಲಿ ಒಂದು ಡೋಸಿಗೆ ಶೇ 79.3, ಎರಡಕ್ಕೆ ಶೇ 93.5 ರಕ್ಷಣೆ ಎಂದು ಬಂದಿತ್ತು. 2005ರಿಂದ 2010ರ ದಾಖಲೆಗಳನ್ನು ಆಧರಿಸಿದ ಅಧ್ಯಯನದಲ್ಲಿ ಒಂದೇ ಡೋಸ್ ಪಡೆದವರಿಗೆ ಪ್ರಯೋಜನವೇ ಕಾಣಲಿಲ್ಲ. ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಇಂಥ ಅಧ್ಯಯನ ನಿಂತಿರುವುದೇ ಎಷ್ಟು ಡೋಸ್, ಯಾವ ಅಂತರದಲ್ಲಿ, ಯಾವ ನಿಯಮದಡಿ ಎಂಬ ವಿಂಗಡಣೆಯ ಮೇಲೆ. ಕೊನೆಗೆ ಲಸಿಕೆಯ ಸಾಮರ್ಥ್ಯದ ಪ್ರಶ್ನೆ ಎದ್ದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿದರು. ‘ಲಸಿಕೆ ಹಾಕುವುದು: ಹೌದು’ ಎಂಬುದು ‘ಅಲ್ಲ’ ಆದ ಆ ದಿನವೂ ಒಂದು ಸೆಟ್ಟಿಂಗೇ. ಅದರ ತಾರೀಖನ್ನು ಕಳೆದುಕೊಂಡ ಡೇಟಾಬೇಸಿಗೆ, ಆಮೇಲಿನ ವರ್ಷಗಳಲ್ಲಿ ಬೂಸ್ಟರ್ ಪಡೆಯದವರೆಲ್ಲ ಉದಾಸೀನ ಮಾಡಿದವರಂತೆ ಕಾಣುತ್ತಾರೆ. ಲಸಿಕೆಯೇ ಇರಲಿಲ್ಲ ಎಂಬ ಸತ್ಯ ಅದಕ್ಕೆ ತಿಳಿಯುವುದಿಲ್ಲ. ಆ ಜನ ನನ್ನ ನೆಂಟರು, ನೆರೆಯವರು. ಅವರ ಮೇಲೆ ಆ ಸುಳ್ಳು ಬರುವುದು ನನಗೆ ಸಹಿಸಲಾಗದು.

ಎಲ್ಲವನ್ನೂ ಸೆಟ್ಟಿಂಗ್ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಸೆಟ್ಟಿಂಗುಗಳು ಅತಿಯಾದರೆ ಪ್ರೋಗ್ರಾಂ ಯಾರಿಗೂ ಅರ್ಥವಾಗದ ಸ್ಥಿತಿಗೆ ಹೋಗುತ್ತದೆ. ಯಾವ ಎರಡು ಗುಂಡಿ ಒತ್ತಿದರೆ ಮೂರನೆಯದು ಏನಾಗುತ್ತದೆ ಎಂದು ಪರೀಕ್ಷಿಸುವುದು ಅಸಾಧ್ಯವಾಗುತ್ತದೆ. ಹೊರಗಿನ ಆದೇಶದಿಂದ ಬದಲಾಗುವುದು, ಊರಿಂದೂರಿಗೆ ಬೇರೆಯಾಗುವುದು, ಒಬ್ಬ ವ್ಯಕ್ತಿಯ ಹಕ್ಕನ್ನು ನಿರ್ಧರಿಸುವುದು, ಈ ಮೂರರಲ್ಲಿ ಒಂದಾದರೂ ಇದ್ದರೆ ಟೇಬಲಿಗೆ ಹೋಗಲಿ. ಉಳಿದದ್ದು ಕೋಡಿನಲ್ಲಿಯೇ ಇರಲಿ.

ಟೇಬಲಿಗೆ ಹೋದ ನಿಯಮಗಳು ಜನರಿಗೆ ಕಾಣಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಕಚೇರಿಗಳು ತಮ್ಮ ಕೆಲಸದ ಮಾನದಂಡ, ನಿಯಮ, ಸೂಚನೆಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಆ ಮಾನದಂಡಗಳಲ್ಲಿ ಬಹುಪಾಲು ಈಗ ಕಡತದಲ್ಲಿಲ್ಲ, ಡೇಟಾಬೇಸಿನಲ್ಲಿದೆ. ನಮ್ಮದೇ ಸಕಾಲ ಕಾಯ್ದೆ ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವು ಕೊಟ್ಟಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಗಡುವಿನ ದಿನಗಳನ್ನು ತಿದ್ದಿದರೆ, ಅರ್ಜಿ ಕೊಟ್ಟ ದಿನ ಯಾವ ಗಡುವು ಇತ್ತೋ ಅದರ ಮೇಲೆಯೇ ತಡವನ್ನು ಎಣಿಸಬೇಕಲ್ಲವೇ? ಅರ್ಜಿದಾರರು ಅದನ್ನು ತಾವೇ ನೋಡುವಂತಿರಬೇಕು. ಸೆಟ್ಟಿಂಗ್ ಟೇಬಲಿನ ಒಂದು ಪುಟವನ್ನು ಕನ್ನಡದಲ್ಲಿ ಪ್ರಕಟಿಸಲು ಪ್ರೋಗ್ರಾಮರಿಗೆ ಅರ್ಧ ದಿನ ಸಾಕು. ಆ ಟೇಬಲಿನಲ್ಲಿ ತಾರೀಖು, ಆದೇಶದ ಸಂಖ್ಯೆ ಇದ್ದರೆ.

ಮಂಗನ ಕಾಯಿಲೆಗೆ ಹೊಸ ಲಸಿಕೆ ತರಲು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೈಜೋಡಿಸಿವೆ. ಅದು ಬಂದಾಗ ಡೋಸುಗಳ ಅಂತರ, ವಯಸ್ಸು, ವ್ಯಾಪ್ತಿ ಎಲ್ಲವೂ ಹೊಸದಾಗಿ ನಿಗದಿಯಾಗುತ್ತವೆ. ಅನುಭವ ಹೆಚ್ಚಿದಂತೆ ಮತ್ತೆ ಬದಲಾಗುತ್ತವೆ. ಆರೋಗ್ಯ ಇಲಾಖೆಯನ್ನು ನಾನು ಕೇಳಿಕೊಳ್ಳುವುದು ಇಷ್ಟು. ಲಸಿಕೆಯ ದಾಖಲಾತಿಗೆ ಸಾಫ್ಟ್‌ವೇರ್ ಮಾಡಿಸುವ ಟೆಂಡರಿನಲ್ಲಿಯೇ ನಿಯಮಗಳ ಟೇಬಲ್ ಹೇಗಿರಬೇಕೆಂದು ಬರೆಯಿರಿ. ಪ್ರತಿ ಡೋಸಿನ ಸಾಲು ತನ್ನ ಬ್ಯಾಚ್ ಸಂಖ್ಯೆಯನ್ನೂ ಆ ದಿನ ಜಾರಿಯಲ್ಲಿದ್ದ ವೇಳಾಪಟ್ಟಿಯ ಸಾಲನ್ನೂ ಹಿಡಿದಿರಲಿ. ಹಳೆಯ ಲಸಿಕೆಯ ವೇಳಾಪಟ್ಟಿಗಳನ್ನು, 1990ರಿಂದ 2022ರವರೆಗಿನವನ್ನು, ಸುತ್ತೋಲೆಗಳಿಂದ ಹುಡುಕಿ ತೆಗೆದು ಅದೇ ಟೇಬಲಿಗೆ ಮೊದಲು ತುಂಬಿಸಿ. ಹಳೆಯ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಆ ಕಾರ್ಡಿನ ತಾರೀಖುಗಳಿಗೆ ಯಾವ ನಿಯಮ ಅನ್ವಯಿಸುತ್ತಿತ್ತು ಎಂದು ಹೇಳಬಲ್ಲವರು ಈಗಿನ್ನೂ ಕೆಲಸದಲ್ಲಿದ್ದಾರೆ. ಅವರು ನಿವೃತ್ತರಾಗುವ ಮೊದಲೇ ಈ ಕೆಲಸ ಆಗಲಿ.